ಬೇಸಿಗೆಗೆ ಮುಂಚೆ ಊರ ಕೆರೆಯಲ್ಲಿ ಒಂದು ಬೆಳಿಗ್ಗೆ: ಫೆಬ್ರವರಿ–ಮಾರ್ಚ್ ಸುತ್ತಾಟಕ್ಕೆ ಸಮಗ್ರ ಮಾರ್ಗದರ್ಶಿ

ಶಿಶಿರ ಮುಗಿದು ವಸಂತ ಕಾಲಿಡುವ ಹೊತ್ತಿಗೆ ಪೇಟೆಯವರು ಹಳ್ಳಿ ಕಡೆ ಹೊರಡುತ್ತಾರೆ. ಹೆಚ್ಚಿನವರು ವಾಪಸ್ ಬಂದು ಹೇಳುವ ಮಾತು ಒಂದೇ: "ಹೋಗಿದ್ವಿ, ಏನೂ ಕಾಣಲಿಲ್ಲ, ಬಿಸಿಲು ಬೇರೆ." ವಿಚಾರಿಸಿದರೆ ಕಾರಣಗಳೂ ಹೆಚ್ಚುಕಡಿಮೆ ಒಂದೇ. ತಿಂಡಿ ಮುಗಿಸಿ ಹೊರಟಿರುತ್ತಾರೆ. ಒಂದೇ ದಿನಕ್ಕೆ ಮೂರು ಜಾಗ ಇಟ್ಟುಕೊಂಡಿರುತ್ತಾರೆ. ಕೆರೆ ತಲುಪಿದ ತಕ್ಷಣ ದಡದುದ್ದಕ್ಕೂ ಮಾತಾಡುತ್ತಾ ನಡೆದಿರುತ್ತಾರೆ. ಹಕ್ಕಿಗಳು ಅಲ್ಲೇ ಇದ್ದವು, ಇವರು ಬಂದಿದ್ದನ್ನು ಕಂಡು ಎದ್ದುಹೋದವು, ಅಷ್ಟೆ.

ಇಲ್ಲಿ ಹೇಳುತ್ತಿರುವುದು ಬಯಲುಸೀಮೆಯ ಸಾಮಾನ್ಯ ಊರ ಕೆರೆಯೊಂದನ್ನು ನೋಡುವ ಕ್ರಮ. ಮಲೆನಾಡಿಗೆ ಹೋಗುವವರು ಕೊನೆಯಲ್ಲಿರುವ ಎಚ್ಚರಿಕೆಯ ಭಾಗವನ್ನು ಮೊದಲು ಓದಿ.

ಹಂತ 1: ಒಂದೇ ಒಂದು ಕೆರೆ ಆರಿಸಿ

ಹೆಸರುವಾಸಿ ಜಾಗವೇ ಬೇಕು ಅಂತೇನಿಲ್ಲ. ಮನೆಯಿಂದ ಒಂದು ಗಂಟೆಯೊಳಗೆ ತಲುಪುವ ಕೆರೆ ಸಾಕು. ದೂರದ ಜಾಗವಾದರೆ ಬೆಳಗಿನ ಒಳ್ಳೆಯ ಹೊತ್ತೆಲ್ಲ ದಾರಿಯಲ್ಲೇ ಕಳೆಯುತ್ತದೆ.

ಫೋನಿನ ಮ್ಯಾಪ್‌ನಲ್ಲಿ ಉಪಗ್ರಹದ ಚಿತ್ರ ತೆರೆದು ಕೆರೆಯ ಆಕಾರ ನೋಡಿ. ಒಂದು ಬದಿ ಗೆರೆ ಎಳೆದಷ್ಟು ನೇರವಾಗಿ, ಇಲ್ಲವೇ ಸ್ವಲ್ಪ ಬಾಗಿರುತ್ತದೆ. ಅದೇ ಏರಿ. ಏರಿಯ ಬಳಿ ನೀರು ಆಳ. ಅದರ ಎದುರು ತುದಿಯಲ್ಲಿ, ಅಂದರೆ ನೀರು ಹರಿದು ಬರುವ ಕಡೆ, ಕೆರೆ ತೆಳುವಾಗಿ ಹರಡಿಕೊಂಡಿರುತ್ತದೆ. ನೀರುಕಾಗೆ, ಗುಳುಮುಳುಕ, ನಾಮದ ಕೋಳಿ, ಬಾತುಗಳನ್ನು ಆಳದ ಕಡೆ ಹುಡುಕಬೇಕು. ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಬೆಳ್ಳಕ್ಕಿ, ಕೊಕ್ಕರೆಗಳಿಗೆ ತೆಳು ನೀರು ಮತ್ತು ಕೆಸರು ಬೇಕು. ಫೆಬ್ರವರಿಯ ವಿಶೇಷ ಇರುವುದೇ ಇಲ್ಲಿ. ನೀರು ದಿನದಿನಕ್ಕೆ ಹಿಂದೆ ಸರಿಯುತ್ತದೆ, ಕೆಸರಿನ ಪಟ್ಟಿ ಅಗಲವಾಗುತ್ತಾ ಹೋಗುತ್ತದೆ, ಹುಳು-ಮೀನು ಹುಡುಕುವ ಹಕ್ಕಿಗಳು ಅಲ್ಲಿ ಸೇರುತ್ತವೆ. ಹಿಂಗಾರು ಜೋರಾಗಿ ಸುರಿದು ಕೆರೆ ಇನ್ನೂ ಕೋಡಿ ಮಟ್ಟದಲ್ಲೇ ಇದ್ದರೆ ಆ ಪಟ್ಟಿ ಇರುವುದಿಲ್ಲ. ಅಂಥ ವರ್ಷ ದೊಡ್ಡ ಕೆರೆ ಬಿಟ್ಟು ಪಕ್ಕದ ಸಣ್ಣ ಕಟ್ಟೆ ನೋಡಿ.

ಬಿಟ್ಟುಬಿಡಬೇಕಾದ ಕೆರೆಗಳೂ ಇವೆ. ನೀರಿನ ಮೇಲೆ ನೊರೆ, ಕೊಳಚೆ ವಾಸನೆ, ಅಥವಾ ಅಂತರಗಂಗೆ ದಡದಿಂದ ದಡಕ್ಕೆ ಮುಚ್ಚಿಕೊಂಡಿದ್ದರೆ ಅಲ್ಲಿ ಬಾತು ಹುಡುಕುವುದು ದಂಡ.

ಹೆಸರಾದ ಜಾಗಕ್ಕೇ ಹೋಗಬೇಕು ಅನಿಸಿದರೆ ತಿಂಗಳು ನೋಡಿಕೊಂಡು ಹೋಗಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಧ್ಯ ಏಷ್ಯಾ ಕಡೆ ಮರಿ ಮಾಡುವ ಹಕ್ಕಿಗಳಿವು, ಹಿಮಾಲಯ ದಾಟಿ ಬರುವಂಥವು. ಮಾರ್ಚ್ ಹೊತ್ತಿಗೆ ವಾಪಸ್ ಹೊರಟುಬಿಡುತ್ತವೆ, ಹಾಗಾಗಿ ಯುಗಾದಿ ರಜೆಗೆ ಅಲ್ಲಿಗೆ ಹೋಗಿ ಬೈದುಕೊಳ್ಳಬೇಡಿ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನ ಲೆಕ್ಕವೇ ಬೇರೆ. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು (ಪೆಲಿಕನ್) ಊರೊಳಗಿನ ಹುಣಸೆ, ಆಲದಂಥ ಮರಗಳಲ್ಲಿ ಗೂಡು ಕಟ್ಟುತ್ತವೆ. ಫೆಬ್ರವರಿ–ಮಾರ್ಚ್‌ನಲ್ಲಿ ಮರಿಗಳ ಗಲಾಟೆ ಕೇಳಿಸುವಂತಿರುತ್ತದೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆಯಾದ ಊರದು. ಜನ ವಾಸ ಇರುವ ಬೀದಿಯಲ್ಲಿ ನಡೆಯುತ್ತಿದ್ದೇವೆ ಅನ್ನುವುದು ನೆನಪಿರಲಿ. ಅವರ ಜಗುಲಿ ಏರಿ ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿ.

ಹಂತ 2: ಯಾವ ದಡ ಅನ್ನುವುದನ್ನು ಮನೆಯಲ್ಲೇ ತೀರ್ಮಾನಿಸಿ

ಬೆಳಿಗ್ಗೆ ಹೋಗುವವರು ಪೂರ್ವದ ದಡದಲ್ಲಿ ನಿಂತು ಪಡುವಣಕ್ಕೆ ನೋಡಬೇಕು. ಸಂಜೆಯಾದರೆ ಇದಕ್ಕೆ ತದ್ವಿರುದ್ಧ. ಬೆನ್ನ ಹಿಂದೆ ಸೂರ್ಯ ಇದ್ದರೆ ರೆಕ್ಕೆಯ ಬಣ್ಣ, ಕಾಲಿನ ಬಣ್ಣ ಎಲ್ಲ ಕಾಣುತ್ತದೆ. ಎದುರಿಗೆ ಇದ್ದರೆ ನೀರು ಪೂರ್ತಿ ಬೆಳ್ಳಗೆ ಹೊಳೆದು ಹಕ್ಕಿಗಳೆಲ್ಲ ಬರೀ ಕರಿ ಚುಕ್ಕಿಗಳು. "ಹಕ್ಕಿ ಇತ್ತು, ಯಾವುದು ಅಂತ ಗೊತ್ತಾಗಲಿಲ್ಲ" ಅನ್ನುವವರಲ್ಲಿ ಬಹಳ ಮಂದಿ ನಿಂತಿದ್ದು ತಪ್ಪು ದಡದಲ್ಲಿ.

ಏರಿ ಪೂರ್ವಕ್ಕಿದ್ದರೆ ಅದೃಷ್ಟ. ಎತ್ತರವೂ ಸಿಗುತ್ತದೆ, ಬೆಳಕೂ ಸಿಗುತ್ತದೆ. ಏರಿ ಪಶ್ಚಿಮಕ್ಕಿದ್ದರೆ ಬೆಳಗಿನ ಆಸೆ ಬಿಟ್ಟು ಸಂಜೆ ನಾಲ್ಕೂವರೆಗೆ ಹೋಗಿ.

ಹಂತ 3: ಚೀಲಕ್ಕೆ ಏನೇನು

ಮುಖ್ಯವಾದದ್ದು ನೀರು, ಒಬ್ಬರಿಗೆ ಎರಡು ಲೀಟರ್. ಅಂಚಿರುವ ಟೋಪಿ, ಅದಿಲ್ಲದಿದ್ದರೆ ಟವೆಲ್. ಬೈನಾಕ್ಯುಲರ್. ಕೂರಲು ದಪ್ಪ ಬಟ್ಟೆ ಅಥವಾ ಗೋಣಿಚೀಲ. ಸಣ್ಣ ನೋಟ್‌ಬುಕ್, ಪೆನ್ಸಿಲ್. ಬಾಳೆಹಣ್ಣು, ಬೇಯಿಸಿದ ಕಡಲೆಕಾಯಿ, ರೊಟ್ಟಿ-ಚಟ್ನಿಪುಡಿ, ಏನಾದರೂ ಸರಿ, ಚರಪರ ಅನ್ನುವ ಪ್ಯಾಕೆಟ್ ಮಾತ್ರ ಬೇಡ.

ಬಟ್ಟೆ ತುಂಬು ತೋಳಿನದು, ಕಾಲು ತುಂಬ ಮುಚ್ಚುವ ಪ್ಯಾಂಟು, ಮಾಸಲು ಬಣ್ಣ. ಬಿಳಿ ಮತ್ತು ಕಣ್ಣಿಗೆ ಹೊಡೆಯುವ ಕೆಂಪು-ಹಳದಿ ಬೇಡ. ಕಾಲಿಗೆ ಶೂ, ಚಪ್ಪಲಿ ಅಲ್ಲ. ಕೆರೆ ಅಂಗಳದಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಎಷ್ಟು ಉದ್ದ ಇರುತ್ತದೆ ಅಂತ ನೋಡಿದವರಿಗೆ ಗೊತ್ತು. ಸೆಂಟು ಹಾಕಬೇಡಿ. ಕಾರಣ ಮುಂದೆ ಹೆಜ್ಜೇನಿನ ಬಗ್ಗೆ ಹೇಳುವಾಗ ಬರುತ್ತದೆ.

ಹಂತ 4: ಬೈನಾಕ್ಯುಲರ್ ಹೊಂದಿಸುವುದು ಹಿಂದಿನ ದಿನದ ಕೆಲಸ

ಇಲ್ಲಿ ಸ್ವಲ್ಪ ನಿಧಾನಿಸಿ. ಜನ ಜಾಸ್ತಿ ಸೋಲುವುದು ಇದರಲ್ಲೇ.

ಬೈನಾಕ್ಯುಲರ್ ಮೇಲೆ 8×42 ಅಂತ ಬರೆದಿದ್ದರೆ ಮೊದಲನೆಯದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅಂತ, ಎರಡನೆಯದು ಮುಂದಿನ ಗಾಜಿನ ಅಗಲ ಎಷ್ಟು ಮಿಲಿಮೀಟರ್ ಅಂತ. ಕೈಯಲ್ಲಿ ಹಿಡಿದು ನೋಡಲು 8 ಅಥವಾ 10 ಪಟ್ಟು ಸಾಕು. 20 ಪಟ್ಟಿನದು ತಂದರೆ ಹಕ್ಕಿಗಿಂತ ನಿಮ್ಮ ಕೈನಡುಕವೇ ಹೆಚ್ಚು ಕಾಣುತ್ತದೆ.

ಹೊಂದಿಸುವ ಕ್ರಮ ಹೀಗಿದೆ:

1. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಗೆ ಮಡಚಿ ಅಥವಾ ತಿರುಗಿಸಿ ಇಳಿಸಿ. ಕನ್ನಡಕ ಇಲ್ಲದವರು ಹೊರಗೆ ಎಳೆದುಕೊಳ್ಳಿ. ಇದನ್ನು ಮಾಡದಿದ್ದರೆ ಸುತ್ತ ಕತ್ತಲೆ, ನಡುವೆ ಸಣ್ಣ ಬೆಳಕಿನ ತೂತು ಮಾತ್ರ ಕಾಣುತ್ತದೆ.
2. ಎರಡೂ ಕೊಳವೆಗಳನ್ನು ಮಡಚುತ್ತಾ-ಬಿಚ್ಚುತ್ತಾ ಎರಡು ವೃತ್ತ ಸೇರಿ ಒಂದೇ ಆಗುವವರೆಗೆ ಸರಿಪಡಿಸಿ.
3. ಬಲಗಣ್ಣು ಮುಚ್ಚಿ. ದೂರದ ಅಂಗಡಿ ಬೋರ್ಡಿನ ಅಕ್ಷರಕ್ಕೆ ಗುರಿಯಿಟ್ಟು ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ.
4. ಈಗ ಎಡಗಣ್ಣು ಮುಚ್ಚಿ. ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿ ಇರುವ ಉಂಗುರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಉಂಗುರದ ಗುರುತು ಎಲ್ಲಿಗೆ ಬಂತು ನೋಡಿಟ್ಟುಕೊಳ್ಳಿ. ಇನ್ನು ಮೇಲೆ ನಡುವಿನ ಚಕ್ರ ಒಂದೇ ಸಾಕು.

ಇದಾದ ಮೇಲೆ ಹಕ್ಕಿಯನ್ನು ಹಿಡಿಯುವ ಅಭ್ಯಾಸ. ಹಕ್ಕಿ ಕಂಡ ಕೂಡಲೇ ತಲೆ ಬಗ್ಗಿಸಿ ಬೈನಾಕ್ಯುಲರ್ ನೋಡುತ್ತೀರಿ, ಮತ್ತೆ ತಲೆ ಎತ್ತಿದಾಗ ಹಕ್ಕಿ ಎಲ್ಲಿತ್ತು ಅನ್ನುವುದೇ ಮರೆತಿರುತ್ತದೆ. ಕಣ್ಣು ಹಕ್ಕಿಯ ಮೇಲೆಯೇ ನೆಟ್ಟಿರಲಿ, ಕೈ ಮಾತ್ರ ಮೇಲೆ ಬರಲಿ. ಮಾಳಿಗೆ ಮೇಲೆ ನಿಂತು ಕರೆಂಟ್ ತಂತಿಯ ಮೇಲಿನ ಕಾಗೆಗಳ ಮೇಲೆ ಇದನ್ನು ಅಭ್ಯಾಸ ಮಾಡಿ. ಕಾಗೆಗಳು ಬೇಜಾರು ಮಾಡಿಕೊಳ್ಳುವುದಿಲ್ಲ. ಸೂರ್ಯನ ಕಡೆಗೆ ಮಾತ್ರ ಅಪ್ಪಿತಪ್ಪಿಯೂ ತಿರುಗಿಸಬೇಡಿ. ಮಕ್ಕಳ ಕೈಗೆ ಕೊಡುವಾಗ ಇದನ್ನು ಎರಡು ಸಲ ಹೇಳಿ.

ಹಂತ 5: ಹೊರಡುವ ಹೊತ್ತು ಮತ್ತು ದಾರಿ

ಬೆಂಗಳೂರಿನ ಲೆಕ್ಕದಲ್ಲಿ ಫೆಬ್ರವರಿ ನಡುವೆ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ, ಮಾರ್ಚ್ ನಡುವೆ ಸುಮಾರು 6.30ಕ್ಕೆ. ಸೂರ್ಯ ಹುಟ್ಟುವ ಹೊತ್ತಿಗೆ ನೀವು ದಡದಲ್ಲಿ ಕೂತಿರಬೇಕು. ಹೊರಡುವ ಸಮಯವನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಎಂಟೂವರೆಗೆ ತಲುಪಿದರೂ ಪರವಾಗಿಲ್ಲ ಅಂತ ಹೇಳುವವರನ್ನು ಜೊತೆಗೆ ಕರೆದುಕೊಳ್ಳಬೇಡಿ.

ಹಳ್ಳಿ ರಸ್ತೆಯಲ್ಲಿ ಒಕ್ಕಣೆಗೆ ಹರಡಿದ ಹುರುಳಿ, ರಾಗಿ ಇನ್ನೂ ಅಲ್ಲಲ್ಲಿ ಸಿಗಬಹುದು. ಹುರುಳಿ ಬಳ್ಳಿಯ ಮೇಲೆ ಕಾರು ಓಡಿಸಬೇಡಿ. ಒಣ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರ್‌ಗೆ ತಾಗಿ ಬೆಂಕಿ ಹೊತ್ತಿಕೊಂಡ ಘಟನೆಗಳು ನಮ್ಮ ರಾಜ್ಯದಲ್ಲೇ ಆಗಿವೆ. ಪಕ್ಕಕ್ಕೆ ಜಾಗ ಇದ್ದರೆ ಬಳಸಿಕೊಂಡು ಹೋಗಿ, ಇಲ್ಲದಿದ್ದರೆ ನಿಲ್ಲಿಸಿ ಕೇಳಿ, ಸರಿಸಿಕೊಡುತ್ತಾರೆ. ದಾಟಿದ ಮೇಲೆ ಸುಟ್ಟ ವಾಸನೆ ಬಂದರೆ ಕೂಡಲೇ ಇಳಿದು ಅಡಿಯಲ್ಲಿ ನೋಡಿ.

ಗಾಡಿಯನ್ನು ಏರಿಯ ಮೇಲೆ ತರಬೇಡಿ, ಕೆರೆಯಿಂದ ದೂರದಲ್ಲೇ ನಿಲ್ಲಿಸಿ. ಬಾಗಿಲು ಧಡ್ ಅಂತ ಹಾಕುವ ಸದ್ದಿಗೇ ಬಾತುಗಳು ಕೆರೆಯ ನಡುವಿಗೆ ಹೋಗಿಬಿಡುತ್ತವೆ. ದನ ಹೊಡೆದುಕೊಂಡು ಬರುವವರು, ಬಲೆ ಬಿಟ್ಟವರು ಎದುರಾದರೆ ಮೊದಲು ಮಾತಾಡಿಸಿ: "ಅಣ್ಣಾ, ಹಕ್ಕಿ ನೋಡೋಕೆ ಬಂದಿದೀವಿ, ಈ ಕಡೆ ಹೋಗ್ಬಹುದಾ?" ಗುಂಡಿ ಎಲ್ಲಿದೆ, ನಾಯಿ ಯಾರದ್ದು, ಯಾವ ಮರಕ್ಕೆ ಜೇನು ಕಟ್ಟಿದೆ, ಎಲ್ಲ ಮಾಹಿತಿ ಆ ಒಂದು ಮಾತಿಗೆ ಸಿಗುತ್ತದೆ. ಯಾವ ಆ್ಯಪ್‌ನಲ್ಲೂ ಇದು ಸಿಗುವುದಿಲ್ಲ.

ಹಂತ 6: ಮೊದಲ ಅರ್ಧ ಗಂಟೆ ಕೂರಿ, ನಡೆಯಬೇಡಿ

ಈ ಬರಹದಿಂದ ಒಂದೇ ಒಂದು ಸಂಗತಿ ತೆಗೆದುಕೊಂಡು ಹೋಗುವುದಾದರೆ ಇದನ್ನೇ ತೆಗೆದುಕೊಳ್ಳಿ. ದಡದಿಂದ ಸ್ವಲ್ಪ ಹಿಂದೆ, ಪೊದೆಯನ್ನೋ ಮರದ ಬುಡವನ್ನೋ ಬೆನ್ನಿಗೆ ಮಾಡಿಕೊಂಡು ಕೂರಿ. ಬಯಲಲ್ಲಿ ಎದ್ದು ನಿಂತ ಮನುಷ್ಯನ ಆಕಾರ ಹಕ್ಕಿಗೆ ದೂರದಿಂದಲೇ ಕಾಣುತ್ತದೆ. ಕೂತರೆ ಆ ಆಕಾರ ಕರಗುತ್ತದೆ. ಏರಿಯ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ಕೂರಬೇಡಿ, ಎರಡು ಹೆಜ್ಜೆ ಕೆಳಗಿಳಿದು ಕೂರಿ.

ನೀವು ಬಂದಾಗ ಹಾರಿಹೋದವು ಹತ್ತು-ಹದಿನೈದು ನಿಮಿಷದಲ್ಲಿ ಒಂದೊಂದಾಗಿ ವಾಪಸ್ ಬರುತ್ತವೆ. ಮೊದಲು ಬರುವುದು ಬಾಲ ಕುಣಿಸುವ ಕುಂಡೆಕುಸ್ಕದಂಥ ಧೈರ್ಯದವು. ಬಾತುಗಳು ಕೊನೆಗೆ. ಈ ಹೊತ್ತಲ್ಲಿ ಬೈನಾಕ್ಯುಲರ್ ಕೆಳಗಿಟ್ಟು ಕಿವಿಗೆ ಕೆಲಸ ಕೊಡಿ. ತಾಮ್ರ ಬಡಿದ ಹಾಗೆ ಟುಕ್-ಟುಕ್-ಟುಕ್ ಅಂತ ಒಂದೇ ಸಮನೆ ಕೇಳಿದರೆ ಅದು ಚಿಟ್ಟುಗುಟುರ, ಹತ್ತಿರದ ಆಲವನ್ನೋ ಅತ್ತಿಯನ್ನೋ ಹುಡುಕಿ. ಚಳಿಗಾಲ ಪೂರ್ತಿ ಬಾಯಿ ಮುಚ್ಚಿಕೊಂಡಿದ್ದ ಕೋಗಿಲೆ ಈಗಷ್ಟೇ ಶುರು ಮಾಡಿರುತ್ತದೆ.

ಕಂಡ ಹಕ್ಕಿಗೆಲ್ಲ ಅಲ್ಲೇ ಹೆಸರು ಹುಡುಕಲು ಹೋದರೆ ಕಣ್ಣು ಪುಸ್ತಕದಲ್ಲೇ ಉಳಿಯುತ್ತದೆ. ಮೊದಲು ನಾಲ್ಕು ಸಂಗತಿ ಬರೆದುಕೊಳ್ಳಿ: ಗೊರವಂಕಕ್ಕಿಂತ ದೊಡ್ಡದಾ ಸಣ್ಣದಾ, ಕೊಕ್ಕಿನ ಆಕಾರ, ಕಾಲಿನ ಬಣ್ಣ, ಏನು ಮಾಡುತ್ತಿತ್ತು. ಹೆಸರು ಮಧ್ಯಾಹ್ನ ಮನೆಯಲ್ಲಿ ಹುಡುಕಿದರಾಯಿತು. ಮೊಬೈಲಿನಿಂದ ಹಕ್ಕಿಯ ಕೂಗು ಹಾಕಿ ಕರೆಯುವುದು ಬೇಡವೇ ಬೇಡ. ಗೂಡು ಕಟ್ಟುವ ಕಾಲ ಹತ್ತಿರ ಬಂದಿರುತ್ತದೆ. ಬೇರೆ ಗಂಡು ಬಂತು ಅಂತ ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ.

ಹಂತ 7: ಆಮೇಲೆ ನಡಿಗೆ

ಈಗ ಎದ್ದು ನಿಧಾನವಾಗಿ ತೆಳು ನೀರಿನ ಕಡೆ ನಡೆಯಿರಿ. ಹಕ್ಕಿಯ ಕಡೆ ನೇರವಾಗಿ ಹೋಗಬೇಡಿ, ಎಲ್ಲೋ ಬೇರೆ ಕಡೆ ಹೋಗುತ್ತಿರುವವರ ಥರ ಓರೆಯಾಗಿ ಹೋಗಿ. ಹಕ್ಕಿ ಮೇಯುವುದು ನಿಲ್ಲಿಸಿ ಕತ್ತು ನೀಳ ಮಾಡಿತು ಅಂದರೆ ಅದು ಮೊದಲ ಎಚ್ಚರಿಕೆ. ಅಲ್ಲೇ ನಿಲ್ಲಿ. ಮತ್ತೆ ಮೇಯತೊಡಗಿದರೆ ಸರಿ, ಇಲ್ಲದಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ.

ಟಿಟ್ಟಿಭ ತಲೆಯ ಮೇಲೆ ಸುತ್ತುತ್ತಾ ಕಿರುಚಿದರೆ ಆ ದಿಕ್ಕಿಗೆ ಮುಂದುವರಿಯಬೇಡಿ. ಮಾರ್ಚ್‌ನಿಂದ ಅದು ಮೊಟ್ಟೆ ಇಡತೊಡಗುತ್ತದೆ, ಅದೂ ಬರಿ ನೆಲದ ಮೇಲೆ. ಮೊಟ್ಟೆಯ ಬಣ್ಣಕ್ಕೂ ನೆಲದ ಬೆಣಚುಕಲ್ಲಿನ ಬಣ್ಣಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಬಂದ ದಾರಿಯಲ್ಲೇ, ನಿಮ್ಮ ಹೆಜ್ಜೆ ಗುರುತಿನ ಮೇಲೆಯೇ ಹಿಂದಿರುಗಿ.

ಕೆಸರಿನ ಬಗ್ಗೆ ಹುಷಾರು. ಮೇಲೆ ಒಣಗಿ ಬಿರುಕು ಬಿಟ್ಟ ಪದರ ಗಟ್ಟಿ ನೆಲದ ಥರ ಕಾಣುತ್ತದೆ, ಅಡಿಯಲ್ಲಿ ಮೊಣಕಾಲುದ್ದ ಕೆಸರು ಇರಬಹುದು. ದನದ ಗೊರಸಿನ ಗುರುತು ಇರುವಲ್ಲಿ ಮಾತ್ರ ನಡೆಯಿರಿ. ಗುರುತು ಆಳವಾಗಿ ನೀರು ತುಂಬಿಕೊಂಡಿದ್ದರೆ ಅದೇ ಕೊನೆ ಗಡಿ. ಇನ್ನೂ ದೊಡ್ಡ ಅಪಾಯ ಮಣ್ಣು ತೆಗೆದ ಗುಂಡಿಗಳು. ಎಷ್ಟೋ ಕೆರೆಗಳ ಅಂಗಳದಲ್ಲಿ ಮಣ್ಣು ತೆಗೆದು ಆಳದ ಗುಂಡಿಗಳಾಗಿವೆ. ತೆಳು ನೀರಿನ ನಡುವೆ ಇದ್ದಕ್ಕಿದ್ದಂತೆ ಆಳು ಮುಳುಗುವಷ್ಟು ಆಳ. ಹಾಗಾಗಿ ನೀರಿಗೆ ಇಳಿಯುವ ಮಾತೇ ಬೇಡ. ಮಕ್ಕಳಿದ್ದರೆ ಒಬ್ಬರು ದೊಡ್ಡವರು ಹಕ್ಕಿ ಬಿಟ್ಟು ಮಕ್ಕಳನ್ನೇ ನೋಡುತ್ತಿರಬೇಕು.

ಹಂತ 8: ಬಿಸಿಲೇರುತ್ತಿದ್ದಂತೆ ಹೂ ಬಿಟ್ಟ ಮರಕ್ಕೆ ಬನ್ನಿ

ಎಂಟೂವರೆಯ ನಂತರ ನೀರಿನ ಕಡೆ ಚಟುವಟಿಕೆ ಇಳಿಯುತ್ತದೆ. ಆಗ ಹೂ ಬಿಟ್ಟ ಮರಗಳ ಕಡೆ ಬನ್ನಿ. ಈ ಕಾಲದ ಹಬ್ಬ ಇರುವುದು ಅಲ್ಲೇ.

ಬೂರುಗ ಮೊದಲು, ಜನವರಿಯಲ್ಲೇ ಶುರು. ಮುತ್ತುಗ ಫೆಬ್ರವರಿ–ಮಾರ್ಚ್. ಎಲೆ ಉದುರಿಸಿಕೊಂಡ ಕೊಂಬೆಯಲ್ಲಿ ಕೇಸರಿ ಹೂ ಮಾತ್ರ ಇರುವುದರಿಂದ ಅರ್ಧ ಮೈಲಿಯಿಂದಲೇ ಗುರುತು ಸಿಗುತ್ತದೆ. ಹೋಳಿಯ ಬಣ್ಣಕ್ಕೆ ಹಿಂದಿನವರು ಬಳಸುತ್ತಿದ್ದದ್ದು ಇದೇ ಹೂವು. ಆಮೇಲೆ ಅರಳಿಯ ತಾಮ್ರದ ಬಣ್ಣದ ಚಿಗುರು, ಹೊಂಗೆಯ ತಿಳಿಹಸಿರು. ಬೇವು ಹೂ ಬಿಡುವ ಹೊತ್ತಿಗೆ ಯುಗಾದಿ ಬಂದಿರುತ್ತದೆ.

ಮುತ್ತುಗಕ್ಕಾಗಲಿ ಬೂರುಗಕ್ಕಾಗಲಿ ಬರುವ ಹಕ್ಕಿಗಳು ಮಕರಂದಕ್ಕೆ ಬರುತ್ತವೆ. ಗೊರವಂಕ, ಗುಲಾಬಿ ಕಬ್ಬಕ್ಕಿ, ಕಾಜಾಣ, ಪಿಕಳಾರ, ಸೂರಕ್ಕಿ, ಗಿಳಿ, ಕಾಗೆ. ಒಂದೇ ಮರದಲ್ಲಿ ಇಷ್ಟೂ ಸಿಗಬಹುದು. ಮರದ ಬುಡಕ್ಕೆ ಹೋಗಿ ಕತ್ತೆತ್ತಿ ನೋಡುವುದು ಸಾಮಾನ್ಯ ತಪ್ಪು. ಅಲ್ಲಿಂದ ಕಾಣುವುದು ಹಕ್ಕಿಯ ಹೊಟ್ಟೆ ಮತ್ತು ಆಕಾಶ. ಮೂವತ್ತು-ನಲವತ್ತು ಹೆಜ್ಜೆ ದೂರ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಿಲ್ಲಿ. ಒಂದು ಕೊಂಬೆ ಆರಿಸಿಕೊಂಡು ಅದನ್ನೇ ನೋಡುತ್ತಿರಿ, ಹಕ್ಕಿಗಳೇ ಸರದಿಯಲ್ಲಿ ಅಲ್ಲಿಗೆ ಬರುತ್ತವೆ. ಫೋಟೊಗಾಗಿ ಕೊಂಬೆ ಬಗ್ಗಿಸುವುದು, ಹೂ ಕಿತ್ತು ಚೀಲ ತುಂಬುವುದು ಬೇಡ. ಬೇಕಿದ್ದರೆ ಉದುರಿದ್ದನ್ನು ಆಯ್ದುಕೊಳ್ಳಿ.

ಒಂಬತ್ತೂವರೆಗೆ ಎದ್ದುಬಿಡಿ. ಇನ್ನೂ ಸ್ವಲ್ಪ ಹೊತ್ತು ಅಂತ ಹನ್ನೊಂದರವರೆಗೆ ಎಳೆದರೆ ಸಿಗುವುದು ತಲೆನೋವು.

ಅಪಾಯದ ಗುರುತುಗಳು

ಹೆಜ್ಜೇನು: ಹೂವಿನ ಕಾಲ ಅಂದರೆ ಹೆಜ್ಜೇನಿನ ಕಾಲ. ಎತ್ತರದ ಮರ, ಬಂಡೆ, ನೀರಿನ ಟ್ಯಾಂಕು, ಗೋಪುರ ಎಲ್ಲ ಕಡೆ ಕಟ್ಟಿರುತ್ತದೆ. ಕೂರುವ ಮೊದಲು ಮರವನ್ನು ತಲೆಯೆತ್ತಿ ಪೂರ್ತಿ ನೋಡಿ. ಹುಟ್ಟಿನ ಮೇಲೆ ಅಲೆ ಎದ್ದಂತೆ ಹುಳುಗಳು ಒಟ್ಟಿಗೆ ಮಿರುಗಿದರೆ ಅವು ಕೆರಳಿವೆ ಅಂತ ಅರ್ಥ, ಸದ್ದಿಲ್ಲದೆ ಹಿಂದೆ ಸರಿಯಿರಿ. ಹೊಗೆ, ಸೆಂಟಿನ ವಾಸನೆ, ಕಲ್ಲೇಟು ಇವು ಅವನ್ನು ಕೆರಳಿಸುತ್ತವೆ. ಎದ್ದುಬಿಟ್ಟರೆ ಮುಖ ಮುಚ್ಚಿಕೊಂಡು ಒಂದೇ ದಿಕ್ಕಿಗೆ ಓಡಿ, ಕಾರು ಅಥವಾ ಮನೆಯೊಳಗೆ ಸೇರಿಕೊಳ್ಳಿ. ನಿಂತು ಕೈ ಬೀಸಬೇಡಿ. ನೀರಿಗೆ ಧುಮುಕಬೇಡಿ, ತಲೆ ಎತ್ತುವವರೆಗೆ ಅವು ಕಾಯುತ್ತವೆ. ಮುಳ್ಳನ್ನು ಉಗುರಿನಿಂದ ಬೇಗ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ-ನಾಲಿಗೆ ಊದಿಕೊಂಡರೆ, ಅಥವಾ ಜಾಸ್ತಿ ಕಡೆ ಕಚ್ಚಿದ್ದರೆ ತಡ ಮಾಡದೆ ಆಸ್ಪತ್ರೆಗೆ.

ಹಾವು: ಬೆಳಗಿನ ಎಳೆಬಿಸಿಲಿಗೆ ಬದುವಿನ ಮೇಲೆ, ಕಲ್ಲಿನ ಸಂದಿಯಲ್ಲಿ ಹಾವು ಮೈ ಕಾಯಿಸುತ್ತಿರಬಹುದು. ಕೊಳಕುಮಂಡಲ ಒಣ ಎಲೆಯ ನಡುವೆ ಕಾಣುವುದೇ ಇಲ್ಲ. ಕಾಣದ ಕಡೆ ಕಾಲಿಡಬೇಡಿ, ಕಲ್ಲು ಎತ್ತಬೇಡಿ. ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಕಚ್ಚಿದ ಕಾಲನ್ನು ಅಲ್ಲಾಡಿಸದೆ 108ಕ್ಕೆ ಕರೆ ಮಾಡಿ.

ಬೇಲಿ: ಹೊಲದಂಚಿನ ತಂತಿ ಹಂದಿ ಕಾಟಕ್ಕೆ ಹಾಕಿದ್ದಿರಬಹುದು, ಅದರಲ್ಲಿ ಕರೆಂಟ್ ಇರಬಹುದು. ಯಾವ ತಂತಿಯನ್ನೂ ಮುಟ್ಟಬೇಡಿ, ದಾಟಬೇಡಿ.

ನಾಯಿ: ಬೊಗಳುತ್ತಾ ಬಂದರೆ ಓಡಬೇಡಿ. ನಿಂತು, ಕಣ್ಣಿಗೆ ಕಣ್ಣು ಸೇರಿಸದೆ ನಿಧಾನವಾಗಿ ಸರಿಯಿರಿ.

ಬೆಂಕಿ: ಹುಲ್ಲು ಒಣಗಿ ನಿಂತಿದೆ. ಒಲೆ, ಸಿಗರೇಟು ಯಾವುದೂ ಬೇಡ. ಕಾಡಿನ ಅಂಚಿಗೆ ಹೋದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಬೇಸಿಗೆಯ ಬೆಂಕಿಯ ಕಾಲದಲ್ಲಿ ಚಾರಣದ ದಾರಿಗಳನ್ನು ಮುಚ್ಚುವುದೂ ಉಂಟು, ಹೊರಡುವ ಮೊದಲು ವಿಚಾರಿಸಿ.

ಮಲೆನಾಡಿಗೆ ಹೋಗುವವರಿಗೆ: ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಡಿಸೆಂಬರ್‌ನಿಂದ ಮೇ ನಡುವೆ, ಅಂದರೆ ಇದೇ ಕಾಲದಲ್ಲಿ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಉಣುಗಿನ ಕಡಿತದಿಂದ ಬರುತ್ತದೆ. ಕಾಡಿನ ತರಗೆಲೆಯ ಮೇಲೆ ಕೂರಬೇಡಿ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಹೋಗಿ ಬಂದ ಒಂದು ವಾರದ ಆಸುಪಾಸಿನಲ್ಲಿ ಜೋರು ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ "ಕಾಡಿಗೆ ಹೋಗಿದ್ದೆ" ಅಂತ ಮೊದಲೇ ಹೇಳಿ.

ಹಂತ 9: ಬರೆದಿಡುವುದು, ಮತ್ತೆ ಹೋಗುವುದು

ಮನೆಗೆ ಬಂದ ದಿನವೇ ಪಟ್ಟಿ ಬರೆಯಿರಿ: ತಾರೀಕು, ಹೊತ್ತು, ನೀರು ಎಲ್ಲಿವರೆಗೆ ಇತ್ತು, ಯಾವ ಮರ ಹೂ ಬಿಟ್ಟಿತ್ತು, ಯಾವ ಹಕ್ಕಿ ಎಷ್ಟು. ಇ-ಬರ್ಡ್ ಆ್ಯಪ್‌ಗೆ ಹಾಕಿದರೆ ನಿಮ್ಮ ಊರ ಕೆರೆಯ ದಾಖಲೆ ಬೇರೆಯವರಿಗೂ ಸಿಗುತ್ತದೆ. ಪ್ರತಿವರ್ಷ ಫೆಬ್ರವರಿ ನಡುವೆ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನುವ ಹಕ್ಕಿ ಎಣಿಕೆ ನಡೆಯುತ್ತದೆ. ಭಾರತದವರು 2013ರಿಂದ ಸೇರಿಕೊಂಡಿದ್ದಾರೆ. ಹದಿನೈದು ನಿಮಿಷ ನೋಡಿ ಎಣಿಸಿದರೂ ಸಾಕು, ಹೊಸಬರು ಇಲ್ಲಿಂದಲೇ ಶುರು ಮಾಡಬಹುದು.

ಹದಿನೈದು ದಿನ ಬಿಟ್ಟು ಅದೇ ಕೆರೆಗೆ, ಅದೇ ದಡಕ್ಕೆ ಮತ್ತೆ ಹೋಗಿ. ಫೆಬ್ರವರಿ ಮೊದಲ ವಾರ, ಮೂರನೇ ವಾರ, ಮಾರ್ಚ್ ಮೊದಲ ವಾರ, ಯುಗಾದಿಯ ಆಸುಪಾಸು. ಸೂಜಿಬಾಲದ ಬಾತಿನಂಥ ವಲಸೆ ಹಕ್ಕಿಗಳು ಪಟ್ಟಿಯಿಂದ ಒಂದೊಂದಾಗಿ ಕಾಣೆಯಾಗುತ್ತವೆ. ಏಪ್ರಿಲ್ ಹೊತ್ತಿಗೆ ಉಳಿಯುವುದು ಹೆಚ್ಚಾಗಿ ಊರ ಹಕ್ಕಿಗಳೇ. ಆಮೇಲೆ ಹೋಗುವುದಾದರೆ ಬೆಳಗಿನ ಎಂಟಕ್ಕೇ ವಾಪಸ್ ಹೊರಡುವ ಲೆಕ್ಕ ಇಟ್ಟುಕೊಳ್ಳಿ.